ಇಪ್ಪತ್ನಾಲ್ಕು ಅಡಿಯ ಕೋಣೆ

1723ರಲ್ಲಿ ಇಂಗ್ಲೆಂಡಿನ ಯುವರಾಜ ತನ್ನ ಪ್ರೇಯಸಿ ಹೆನ್ರಿಯೆಟಾ ಹೋವರ್ಡ್ ಹೆಸರಿಗೆ ಒಂದು ಪತ್ರ ಮಾಡಿಸಿದ. ಮುಂದೆ ಎರಡನೆಯ ಜಾರ್ಜ್ ಎಂದು ಪಟ್ಟಕ್ಕೆ ಬಂದವನು ಇವನೇ. ಪತ್ರದಲ್ಲಿ 11,500 ಪೌಂಡ್ ಬೆಲೆಯ ಸೌತ್ ಸೀ ಕಂಪನಿಯ ಷೇರುಗಳಿದ್ದವು, ಜೊತೆಗೆ ಬೆಳ್ಳಿಯ ಸಾಮಾನು, ಒಡವೆ, ಮನೆಗೆ ಬೇಕಾದ ಪೀಠೋಪಕರಣಗಳಿದ್ದವು. ಆದರೆ ಅದರ ತೂಕವೆಲ್ಲ ಇದ್ದದ್ದು ಒಂದು ಷರತ್ತಿನಲ್ಲಿ. ಇದ್ಯಾವುದರ ಮೇಲೂ ಆಕೆಯ ಗಂಡ ಕೈಯಿಡುವಂತಿಲ್ಲ. ಆಗಿನ ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಆಸ್ತಿ. ಆ ಪದ್ಧತಿ ಸರಿಯಾಗಿ ಮುರಿದದ್ದು 1882ರ ಕಾಯ್ದೆಯಿಂದ. ಅಷ್ಟು ಮೊದಲೇ ಒಬ್ಬ ಹೆಂಗಸಿನ ದುಡ್ಡು ಅವಳ ದುಡ್ಡಾಗಿಯೇ ಉಳಿಯಬೇಕಾದರೆ ನಂಬಿಕಸ್ಥರ ಹೆಸರಿನಲ್ಲಿ ಅದನ್ನು ಕಟ್ಟಿಡಬೇಕಿತ್ತು. ಹಾಗೆ ಕಟ್ಟಿಟ್ಟ ದುಡ್ಡಿನಿಂದ ಎದ್ದದ್ದೇ ಮಾರ್ಬಲ್ ಹಿಲ್.

ಲಂಡನ್ನಿನ ನೈಋತ್ಯಕ್ಕೆ, ಥೇಮ್ಸ್ ನದಿಯ ಬಡಗು ದಂಡೆಯಲ್ಲಿ, ಟ್ವಿಕನ್‌ಹ್ಯಾಮ್ ಎಂಬ ಊರಿನ ಅಂಚಿಗೆ ಈ ಬಿಳಿಯ ಮನೆ ನಿಂತಿದೆ. 1724ರಲ್ಲಿ ಕೆಲಸ ಶುರುವಾಗಿ 1729ರಲ್ಲಿ ಮುಗಿಯಿತು. ಜಾರ್ಜಿಯನ್ ವಾಸ್ತುಶಿಲ್ಪ ಎಂದರೆ 1714ರಿಂದ 1830ರವರೆಗೆ ಸಾಲಾಗಿ ಆಳಿದ ನಾಲ್ವರು ಜಾರ್ಜ್ ದೊರೆಗಳ ಕಾಲದ ಕಟ್ಟಡಕಲೆ. ಆ ಕಾಲದ ಗ್ರಾಮಾಂತರ ವಿಲ್ಲಾ ಹೇಗಿರುತ್ತಿತ್ತು ಎಂದು ಒಂದೇ ಮನೆಯಲ್ಲಿ ನೋಡಿ ಮುಗಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗುವುದು ಕಷ್ಟ. ಇದಕ್ಕಿಂತ ದೊಡ್ಡವು, ಚಿನ್ನ ಸುರಿದವು, ಗುಮ್ಮಟ ಹೊತ್ತವು ಬೇಕಾದಷ್ಟಿವೆ. ಮಾರ್ಬಲ್ ಹಿಲ್‌ನ ಹೆಚ್ಚುಗಾರಿಕೆ ಅದು ಬಿಟ್ಟುಕೊಟ್ಟದ್ದರಲ್ಲಿದೆ.

ಮೊದಲು ಉತ್ತರದ ಮುಖ ನೋಡಬೇಕು, ರಸ್ತೆಯಿಂದ ಬರುವವರಿಗೆ ಎದುರಾಗುವುದು ಅದೇ. ಅಡ್ಡಕ್ಕೆ ಐದು ಕಿಟಕಿ, ಎತ್ತರಕ್ಕೆ ಮೂರು ಅಂತಸ್ತು. ನಡುವಿನ ಮೂರು ಕಿಟಕಿಗಳ ಭಾಗ ಒಂದಿಷ್ಟೇ ಮುಂದೆ ಬಂದಿದೆ. ಅದರ ಮೇಲೆ ಗೋಡೆಗೆ ಅಂಟಿಕೊಂಡ ನಾಲ್ಕು ಅರೆಗಂಬಗಳು, ತಲೆಯಲ್ಲಿ ಅಯಾನಿಕ್ ಶೈಲಿಯ ಸುರುಳಿ. ಅವು ಎರಡು ಅಂತಸ್ತಿನ ಎತ್ತರಕ್ಕೆ ಒಂದೇ ಓಟದಲ್ಲಿ ಏರಿ ಮೇಲಿನ ತ್ರಿಕೋನ ಮುಕುಟವನ್ನು ಹೊರುತ್ತವೆ. ನಮ್ಮ ಹೊಯ್ಸಳ ದೇಗುಲಗಳ ಹೊರಗೋಡೆಯ ಅರೆಗಂಬಗಳನ್ನು ಕಂಡವರಿಗೆ ಈ ಉಪಾಯ ಹೊಸದೇನಲ್ಲ. ಭಾರ ಹೊರುವುದು ಗೋಡೆ, ಅರೆಗಂಬ ಆ ಭಾರ ಹೇಗೆ ಕೆಳಗಿಳಿಯುತ್ತದೆ ಎಂಬುದನ್ನು ಕಣ್ಣಿಗೆ ತೋರಿಸುತ್ತದೆ.

ಅರೆಗಂಬಗಳು ನಿಂತಿರುವುದು ನೆಲದ ಮೇಲಲ್ಲ, ಮೊದಲ ಅಂತಸ್ತಿನ ಮಟ್ಟದಿಂದ. ಅವುಗಳ ಕೆಳಗಿನ ಗೋಡೆಯಲ್ಲಿ ಆಳವಾದ ಸಂದುಗಳನ್ನು ಬಿಡಿಸಿ ದಪ್ಪ ಕಲ್ಲಿನ ಕಟ್ಟೆಯಂತೆ ಕಾಣಿಸಿದ್ದಾರೆ. ಹೀಗಾಗಿ ನೆಲದಂತಸ್ತು ಪೀಠವಾಗುತ್ತದೆ, ಅದರ ಮೇಲಿನ ಅಂತಸ್ತು ಮನೆಯ ಮುಖ್ಯ ನೆಲೆಯಾಗುತ್ತದೆ, ಎಲ್ಲಕ್ಕಿಂತ ಮೇಲಿನದು ತಗ್ಗಿನ ಅಟ್ಟವಾಗುತ್ತದೆ. ಕಿಟಕಿಗಳೂ ಇದನ್ನೇ ಹೇಳುತ್ತವೆ. ಮೊದಲ ಅಂತಸ್ತಿನವು ಎತ್ತರ, ಅಟ್ಟದವು ಚಿಕ್ಕ ಚೌಕ. ಮನೆಯೊಳಗೆ ಕಾಲಿಡದೆಯೇ, ಯಾವ ಕೋಣೆಯಲ್ಲಿ ಅತಿಥಿಗಳು ಕೂಡುತ್ತಾರೆ, ಯಾರು ಎಲ್ಲಿ ಮಲಗುತ್ತಾರೆ ಎಂದು ಕಿಟಕಿಯ ಎತ್ತರ ನೋಡಿ ಊಹಿಸಬಹುದು. ಮೇಲೆ ನಾಲ್ಕೂ ಕಡೆಯಿಂದ ಏರಿ ಕೂಡುವ ಪಿರಮಿಡ್ ಆಕಾರದ ಮಾಡು.

ಇನ್ನು ಸುತ್ತಿ ದಕ್ಷಿಣಕ್ಕೆ, ನದಿಯ ಕಡೆಗೆ ಬಂದರೆ ಅರೆಗಂಬಗಳಿಲ್ಲ. ಅದೇ ಐದು ಕಿಟಕಿ, ಅದೇ ಮೂರು ಅಂತಸ್ತು, ಅದೇ ಮುಕುಟ, ನಡುವೆ ಬರೀ ಬಿಳಿ ಗೋಡೆ. ಒಳಗೆ ಇಟ್ಟಿಗೆ, ಮೇಲೆ ಗಾರೆ, ಅಂಚುಗಳಿಗೆ ಮಾತ್ರ ಕಲ್ಲು. ಈ ಮನೆಯ ಅತ್ಯುತ್ತಮ ಮುಖ ಇದೇ ಎಂದು ಧೈರ್ಯವಾಗಿ ಹೇಳಬಹುದು. ಆಭರಣ ತೆಗೆದ ಮೇಲೂ ಕಟ್ಟಡ ಬಡವಾಗಿ ಕಾಣುವುದಿಲ್ಲ. ಕಿಟಕಿಗೂ ಗೋಡೆಗೂ ನಡುವಿನ ಅಂತರ, ಅಂತಸ್ತಿಗೂ ಅಂತಸ್ತಿಗೂ ಇರುವ ಅನುಪಾತ ಅಷ್ಟು ಖಚಿತವಾಗಿ ಕೂಡಿಬಂದಿವೆ. ಅರೆಗಂಬ ಅಲ್ಲಿ ಇದ್ದಿದ್ದರೆ ಯಾವ ಜಾಗದಲ್ಲಿ ಇರುತ್ತಿತ್ತು ಎಂದು ಕಣ್ಣು ತಾನೇ ಅಳೆದುಕೊಳ್ಳುತ್ತದೆ.

ಈ ಲೆಕ್ಕ ಬಂದದ್ದು ಇಟಲಿಯಿಂದ. ಹದಿನಾರನೆಯ ಶತಮಾನದಲ್ಲಿ ವಿಚೆನ್ಸಾ ಪಟ್ಟಣದ ಸುತ್ತ ಮನೆಗಳನ್ನು ಕಟ್ಟಿದ ಆಂದ್ರೆಯಾ ಪಲ್ಲಾದಿಯೋ ತನ್ನ ಅನುಭವವನ್ನೆಲ್ಲ ಸೇರಿಸಿ 1570ರಲ್ಲಿ ವಾಸ್ತುವಿನ ನಾಲ್ಕು ಸಂಪುಟಗಳನ್ನು ಅಚ್ಚು ಹಾಕಿಸಿದ. ಪ್ರಾಚೀನ ರೋಮಿನ ದೇಗುಲಗಳ ಮುಂಭಾಗವನ್ನು ತಂದು ಜಮೀನುದಾರನ ಮನೆಯ ಬಾಗಿಲಿಗೆ ಕೂಡಿಸಿದವನು ಅವನು. ಕೋಣೆಯ ಉದ್ದಗಲಗಳಿಗೆ ಅವನು ಒಪ್ಪುವ ಅನುಪಾತಗಳು ಏಳೇ: ವೃತ್ತ, ಚೌಕ, ಚೌಕದ ಕರ್ಣದಿಂದ ಹುಟ್ಟಿದ ಆಯತ, ಮೂರಕ್ಕೆ ನಾಲ್ಕು, ಎರಡಕ್ಕೆ ಮೂರು, ಮೂರಕ್ಕೆ ಐದು, ಒಂದಕ್ಕೆ ಎರಡು. ಇಂಗ್ಲೆಂಡಿಗೆ ಇದನ್ನು ಮೊದಲು ತಂದವನು ಹದಿನೇಳನೆಯ ಶತಮಾನದ ಇನಿಗೊ ಜೋನ್ಸ್. ಆಮೇಲೆ ಬರೋಕ್ ಶೈಲಿಯ ಭಾರಿ ಕಟ್ಟಡಗಳ ಭರಾಟೆಯಲ್ಲಿ ಆ ದಾರಿ ಮಸುಕಾಯಿತು. 1715ರಲ್ಲಿ ಕೋಲೆನ್ ಕ್ಯಾಂಪ್‌ಬೆಲ್ ತನ್ನ ‘ವಿಟ್ರೂವಿಯಸ್ ಬ್ರಿಟಾನಿಕಸ್’ ನಕ್ಷೆ ಸಂಪುಟದ ಮೊದಲ ಭಾಗ ಹೊರತಂದ. ಅದೇ ಹೊತ್ತಿಗೆ ಪಲ್ಲಾದಿಯೋನ ಪುಸ್ತಕ ಇಂಗ್ಲಿಷಿನಲ್ಲಿ ಕಂತುಕಂತಾಗಿ ಬರತೊಡಗಿತು. ಹತ್ತೇ ವರ್ಷದಲ್ಲಿ ಸಿರಿವಂತರ ರುಚಿ ಬದಲಾಯಿತು.

ಮಾರ್ಬಲ್ ಹಿಲ್ ಯಾರ ಕೈಯ ಕೆಲಸ ಎಂಬುದಕ್ಕೆ ಒಂದೇ ಹೆಸರಿನ ಉತ್ತರವಿಲ್ಲ. ಮೊದಲ ನಕ್ಷೆ ಕ್ಯಾಂಪ್‌ಬೆಲ್‌ನದು. 1725ರ ತನ್ನ ಮೂರನೆಯ ಸಂಪುಟದಲ್ಲಿ ಅವನು ಟ್ವಿಕನ್‌ಹ್ಯಾಮಿನ ಮನೆಯೊಂದರ ನಕ್ಷೆಯನ್ನು, ಒಡತಿಯ ಹೆಸರು ಹೇಳದೆ, ಅಚ್ಚು ಹಾಕಿದ್ದಾನೆ. ಕಟ್ಟಿದವನು ರೋಜರ್ ಮಾರಿಸ್, ಗಾರೆ ಕೆಲಸದ ಕಸುಬಿನಿಂದ ಮೇಲೆ ಬಂದವನು. ಅವನ ಜೊತೆಗೆ ನಿಂತು ತಿದ್ದಿದವನು ಹೆನ್ರಿ ಹರ್ಬರ್ಟ್, ಮುಂದೆ ಪೆಂಬ್ರೋಕಿನ ಒಂಬತ್ತನೆಯ ಅರ್ಲ್ ಆದವನು, ವಾಸ್ತುವಿನ ಹುಚ್ಚು ಹತ್ತಿಸಿಕೊಂಡಿದ್ದ ಶ್ರೀಮಂತ. ಈ ಮಾರಿಸ್‌-ಹರ್ಬರ್ಟ್ ಜೋಡಿಯೇ ಮುಂದೆ ರಿಚ್ಮಂಡ್ ಪಾರ್ಕಿನ ವೈಟ್ ಲಾಡ್ಜ್ ಕಟ್ಟಿತು, ವಿಲ್ಟನ್‌ನಲ್ಲಿ ನೀರಿನ ಮೇಲೆ ಕಂಬಸಾಲಿನ ಪಲ್ಲಾಡಿಯನ್ ಸೇತುವೆ ಕಟ್ಟಿತು. ಮೇಸ್ತ್ರಿಯ ಕೈಯೂ ರಸಿಕನ ಕಣ್ಣೂ ಹೀಗೆ ಸರಿಸಮನಾಗಿ ಕೂಡಿದ ಉದಾಹರಣೆ ಆ ಕಾಲದಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ.

ಒಳಗೆ ಹೋಗೋಣ. ನೆಲದಂತಸ್ತಿನ ಹಜಾರದಲ್ಲಿ ನಾಲ್ಕು ಕಂಬಗಳು ಚೌಕವಾಗಿ ನಿಂತಿವೆ. ಪ್ರಾಚೀನ ರೋಮನರ ಮನೆಯ ನಡುಅಂಗಳ ಹೀಗಿತ್ತೆಂದು ಪಲ್ಲಾದಿಯೋ ತೋರಿಸಿದ ಮಾದರಿ ಇದು. ಜಾಗ ದೊಡ್ಡದಲ್ಲ, ಚಾವಣಿಯೂ ತಗ್ಗು. ಆ ತಗ್ಗು ಬೇಕೆಂದೇ ಇಟ್ಟದ್ದು. ಇಲ್ಲಿಂದ ಮಹಾಗನಿ ಮರದ ಮೆಟ್ಟಿಲು ಮೊದಲ ಅಂತಸ್ತಿಗೆ ಏರುತ್ತದೆ. ಏರಿ, ಒಂದು ಬಾಗಿಲು ದಾಟಿದರೆ ಒಮ್ಮೆಗೇ ಎತ್ತರ ತೆರೆದುಕೊಳ್ಳುತ್ತದೆ. ಇದು ಗ್ರೇಟ್ ರೂಮ್. 24 ಅಡಿ ಉದ್ದ, 24 ಅಡಿ ಅಗಲ, 24 ಅಡಿ ಎತ್ತರ.

ಕೋಣೆಯ ಎತ್ತರಕ್ಕಾಗಿ ಮೇಲಿನ ಅಂತಸ್ತಿನ ಜಾಗವನ್ನೇ ನುಂಗಿಹಾಕಿದ್ದಾರೆ. ಜಾಗಕ್ಕೆ ಬೆಲೆಯಿರುವ ಸಣ್ಣ ಮನೆಯಲ್ಲಿ ಇದು ದುಬಾರಿ ನಿರ್ಧಾರ, ಸರಿಯಾದ ನಿರ್ಧಾರವೂ ಹೌದು. ಘನಾಕೃತಿಯ ಕೋಣೆಯಲ್ಲಿ ಕಣ್ಣಿಗೆ ಯಾವ ದಿಕ್ಕೂ ಹೆಚ್ಚಲ್ಲ. ಉದ್ದನೆಯ ಕೋಣೆ ತನ್ನ ತುದಿಯ ಕಡೆಗೆ ಮನುಷ್ಯನನ್ನು ನಡೆಸುತ್ತದೆ, ಘನ ನಿಂತಲ್ಲೇ ನಿಲ್ಲಿಸುತ್ತದೆ. ನಿಂತವರ ಎದುರಿಗೆ ಮೂರು ಎತ್ತರದ ಕಿಟಕಿಗಳು, ಅವುಗಳಾಚೆ ಹುಲ್ಲು, ಹುಲ್ಲಿನಾಚೆ ಥೇಮ್ಸ್. ಈ ಲೆಕ್ಕದ ಮೂಲ ಹುಡುಕಲು ದೂರ ಹೋಗಬೇಕಿಲ್ಲ. ಹರ್ಬರ್ಟನ ಮನೆತನದ ವಿಲ್ಟನ್ ಅರಮನೆಯಲ್ಲಿ ಇನಿಗೊ ಜೋನ್ಸ್ ಹೆಸರಿನೊಂದಿಗೆ ಬೆಸೆದ ಎರಡು ಪ್ರಸಿದ್ಧ ಕೋಣೆಗಳಿವೆ: ಒಂದು 30 ಅಡಿಯ ಘನ, ಇನ್ನೊಂದು ಎರಡು ಘನಗಳನ್ನು ಜೋಡಿಸಿದ 60 ಅಡಿ ಉದ್ದದ್ದು. ಆ ಮನೆಯಲ್ಲಿ ಬೆಳೆದವನು ಅದೇ ಆಕಾರವನ್ನು ಇಲ್ಲಿ ಆರು ಅಡಿ ಕುಗ್ಗಿಸಿ ತಂದಿದ್ದಾನೆ.

ಹೊರಗೆ ಬಿಟ್ಟುಕೊಟ್ಟ ಅಲಂಕಾರಕ್ಕೆಲ್ಲ ಇಲ್ಲಿ ಜಾಗ ಸಿಕ್ಕಿದೆ. ಬಿಳಿಯ ಗೋಡೆಯ ಮೇಲೆ ಚಿನ್ನದ ಲೇಪದ ಕೆತ್ತನೆ, ಬೆಂಕಿಗೂಡಿನ ಮೇಲೆ ಪುಟ್ಟ ದೇವಕುವರರು. ಕೆತ್ತಿದವನು ಜೇಮ್ಸ್ ರಿಚರ್ಡ್ಸ್, ಮಹಾಶಿಲ್ಪಿ ಗ್ರಿನ್ಲಿಂಗ್ ಗಿಬ್ಬನ್ಸ್ ನಂತರ ಅರಮನೆಯ ಕೆತ್ತನೆಗಾರನಾದವನು. ಬಾಗಿಲುಗಳ ಮೇಲೂ ಬೆಂಕಿಗೂಡಿನ ಮೇಲೂ ರೋಮಿನ ಕಲಾವಿದ ಜೊವಾನ್ನಿ ಪಾವೊಲೊ ಪನ್ನೀನಿ 1738ರಲ್ಲಿ ಬರೆದ ಐದು ಚಿತ್ರಗಳು: ಹಾಳುಬಿದ್ದ ದೇಗುಲ, ಕಮಾನು, ಕಂಬ. ಈ ಚಿತ್ರಗಳು ಒಂದು ಕಾಲಕ್ಕೆ ಮಾರಾಟವಾಗಿ ಚದುರಿಹೋಗಿದ್ದವು. ಹುಡುಕಿ ತಂದು ಮತ್ತೆ ಗೋಡೆಗೇರಿಸಿದ್ದು ಇಪ್ಪತ್ತನೆಯ ಶತಮಾನದ ಕೆಲಸ. ಆ ಜಾಗಕ್ಕೆಂದೇ ಅಳತೆ ಕೊಟ್ಟು ಬರೆಸಿದ ಚಿತ್ರ ಆ ಜಾಗದಲ್ಲೇ ಇರುವುದನ್ನು ನೋಡುವ ಸುಖ ವಸ್ತುಸಂಗ್ರಹಾಲಯದಲ್ಲಿ ಸಿಗುವುದಿಲ್ಲ.

ಮೆಟ್ಟಿಲಿನ ಮಹಾಗನಿಯ ಬಗ್ಗೆ ನಿಂತು ಹೇಳಬೇಕು. 1721ರಲ್ಲಿ ಅಮೆರಿಕದ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕವನ್ನು ಬ್ರಿಟನ್ ತೆಗೆದುಹಾಕಿತು. ಅಲ್ಲಿಯವರೆಗೆ ಅಪರೂಪವಾಗಿದ್ದ ಈ ಕೆಂಗಂದು ಮರ ಲಂಡನ್ನಿನ ಬಂದರಿಗೆ ಹರಿದುಬರತೊಡಗಿತು. ಮಾರ್ಬಲ್ ಹಿಲ್‌ನಲ್ಲಿ ಅದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಆ ಹೊತ್ತಿಗೆ ಹೊಸ ಸಂಗತಿ. ರಾಜನ ಅಪ್ಪಣೆಯಂತೆ ಹೊಂಡುರಾಸ್ ಕೊಲ್ಲಿಯಲ್ಲಿ ಮರ ಕಡಿಯಲು ಹೋಗಿ ಸ್ಪೇನಿನೊಂದಿಗೆ ಯುದ್ಧವೇ ಆಗುವುದರಲ್ಲಿತ್ತು ಎಂಬ ಕಥೆಯನ್ನು ಈ ಮನೆಯ ಬಗ್ಗೆ ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಕಥೆಗಿಂತ ಗಟ್ಟಿಯಾದದ್ದು ಇದು: ಆ ಕಾಡುಗಳಲ್ಲಿ ಮಹಾಗನಿ ಕಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಮನೆಗೆ ಬಂಡವಾಳವಾದ ಷೇರುಗಳ ಸೌತ್ ಸೀ ಕಂಪನಿಯ ವ್ಯಾಪಾರವೂ ಸ್ಪ್ಯಾನಿಷ್ ವಸಾಹತುಗಳಿಗೆ ಗುಲಾಮರನ್ನು ಸಾಗಿಸುವುದೇ ಆಗಿತ್ತು. ಒಬ್ಬ ಹೆಂಗಸಿಗೆ ಬಿಡುಗಡೆ ಕೊಟ್ಟ ಹಣ ಎಷ್ಟೋ ಜನರ ಸೆರೆಯಿಂದ ಬಂದದ್ದು. ಈ ಮೆಟ್ಟಿಲಿನ ನಯವನ್ನು ಮೆಚ್ಚುವವರು ಇದನ್ನೂ ತಿಳಿದೇ ಮೆಚ್ಚಬೇಕು.

ಹೆನ್ರಿಯೆಟಾಳ ಬದುಕನ್ನು ಬಿಟ್ಟು ಈ ಮನೆಯ ನಕ್ಷೆ ಅರ್ಥವಾಗುವುದಿಲ್ಲ. ನಾರ್ಫಕ್‌ನ ಬ್ಲಿಕ್ಲಿಂಗ್ ಹಾಲ್‌ನ ಹೋಬರ್ಟ್ ಮನೆತನದವಳು. ಅವಳು ಇನ್ನೂ ಹುಡುಗಿಯಾಗಿದ್ದಾಗ, 1698ರಲ್ಲಿ, ತಂದೆ ದ್ವಂದ್ವಯುದ್ಧದಲ್ಲಿ ಸತ್ತ. 1706ರಲ್ಲಿ ಚಾರ್ಲ್ಸ್ ಹೋವರ್ಡ್‌ನ ಕೈ ಹಿಡಿದಳು. ಅವನೋ ಕುಡುಕ, ಜೂಜುಕೋರ, ಹೊಡೆಯುವವನು. ಹ್ಯಾನೋವರಿಗೆ ಹೋಗಿ ಮುಂದಿನ ದೊರೆಗಳ ಆಶ್ರಯ ಹಿಡಿದು, ಯುವರಾಣಿ ಕ್ಯಾರೊಲಿನ್‌ಳ ಅಂತಃಪುರದ ಊಳಿಗಕ್ಕೆ ಸೇರಿ, ಆಮೇಲೆ ಯುವರಾಜನ ಪ್ರೇಯಸಿಯಾದಳು. ಹೆಂಡತಿಯ ಊಳಿಗದವಳೂ ಗಂಡನ ಪ್ರೇಯಸಿಯೂ ಒಬ್ಬಳೇ ಎಂಬ ಇಕ್ಕಟ್ಟಿನಲ್ಲಿ, ಕಿವಿ ದಿನೇ ದಿನೇ ಮಂದವಾಗುತ್ತಿದ್ದ ಹೆಂಗಸು ವರ್ಷಗಟ್ಟಲೆ ಆಸ್ಥಾನದಲ್ಲಿ ನಿಂತಳು. ಗಂಡನಿಂದ ಕಾನೂನುಬದ್ಧ ಬೇರ್ಪಡೆ ಸಿಕ್ಕಿದ್ದು 1728ರಲ್ಲಿ. ಕಟ್ಟಡ ಮುಗಿದರೂ ಆಸ್ಥಾನ ಬಿಟ್ಟು ಬರಲು 1734ರವರೆಗೆ ಕಾಯಬೇಕಾಯಿತು. ಮರುವರ್ಷ ಜಾರ್ಜ್ ಬರ್ಕ್ಲಿಯನ್ನು ಮದುವೆಯಾದಳು, ಈ ಸಲ ತನ್ನ ಇಷ್ಟದಂತೆ. 1767ರಲ್ಲಿ ಸಾಯುವತನಕ ಇದು ಅವಳ ಮನೆ.

ಈಗ ಅದೇ ಕಾಲದ ಇನ್ನೊಂದು ವಿಲ್ಲಾವನ್ನು ಪಕ್ಕದಲ್ಲಿಟ್ಟು ನೋಡಬಹುದು. ಲಾರ್ಡ್ ಬರ್ಲಿಂಗ್ಟನ್ ತನಗಾಗಿ ಕಟ್ಟಿಸಿದ ಚಿಸ್ವಿಕ್ ಹೌಸ್ ಮುಗಿದದ್ದೂ 1729ರಲ್ಲೇ. ಎಂಟು ಮೂಲೆಯ ಗುಮ್ಮಟ, ಕಂಬಸಾಲಿನ ಮುಂಭಾಗ, ಇಬ್ಬದಿಗೆ ಕವಲೊಡೆದ ಮೆಟ್ಟಿಲು, ಬೆರಗಾಗಿಸುವ ಕಟ್ಟಡ. ಆದರೆ ಅದರಲ್ಲಿ ಅಡುಗೆಮನೆಯಿಲ್ಲ. ಪಕ್ಕದ ಹಳೆಯ ಮನೆಯಲ್ಲಿ ವಾಸ, ಇದು ಚಿತ್ರಗಳಿಗೆ, ಗೆಳೆಯರ ಕೂಟಕ್ಕೆ. ಮಾರ್ಬಲ್ ಹಿಲ್ ಮಾತ್ರ ವಾಸದ ಮನೆ. ಗ್ರೇಟ್ ರೂಮಿನ ಮಗ್ಗುಲಲ್ಲೇ ಒಡತಿಯ ಮಲಗುವ ಕೋಣೆ, ಹಾಸಿಗೆಯ ಗೂಡಿನ ಮುಂದೆ ಅಯಾನಿಕ್ ಕಂಬಗಳ ತೆರೆ. ತನ್ನ ತಮ್ಮನ ಮೊಮ್ಮಗಳು, ತನ್ನದೇ ಹೆಸರಿನ ಪುಟ್ಟ ಹೆನ್ರಿಯೆಟಾ ಹೋಥಮ್‌ಗೂ ಇಲ್ಲೊಂದು ಕೋಣೆ. ಮೇಲಿನ ಅಂತಸ್ತಿನಲ್ಲಿ ಚಿತ್ರ ತೂಗುಹಾಕಿ ಅಡ್ಡಾಡಲು ಉದ್ದನೆಯ ಪಡಸಾಲೆ. 1750ರ ಸುಮಾರಿಗೆ ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್‌ನಿಂದ ಊಟದ ಕೋಣೆ ಮಾಡಿಸಿ, ಅದರ ಗೋಡೆಗೆ ಚೀನಾದಲ್ಲಿ ಕೈಯಿಂದ ಬರೆದ ಹೂಹಕ್ಕಿಗಳ ಕಾಗದ ಅಂಟಿಸಿದಳು. ಪಲ್ಲಾದಿಯೋನ ನಿಯಮ ಹೊರಗೆ ಬಿಗಿಯಾಗಿದ್ದರೂ ಒಳಗೆ ಬದುಕು ತನ್ನ ಅನುಕೂಲಕ್ಕೆ ತಕ್ಕಂತೆ ಜಾಗ ಮಾಡಿಕೊಂಡಿದೆ.

ತೋಟಕ್ಕೆ ಸಲಹೆ ಕೊಟ್ಟವರು ಸಾಮಾನ್ಯರಲ್ಲ. ನೆರೆಯಲ್ಲೇ ಇದ್ದ ಕವಿ ಅಲೆಕ್ಸಾಂಡರ್ ಪೋಪ್, ಮತ್ತು ರಾಜರ ತೋಟಗಾರ ಚಾರ್ಲ್ಸ್ ಬ್ರಿಡ್ಜ್‌ಮನ್. ಪೋಪ್‌ನ ಗೆಳೆಯ ಜೊನಾಥನ್ ಸ್ವಿಫ್ಟ್ 1727ರಲ್ಲಿ ಈ ಮನೆಯನ್ನೂ ರಿಚ್ಮಂಡ್ ಲಾಡ್ಜನ್ನೂ ಪಾತ್ರಗಳಾಗಿಸಿ ಒಂದು ಸಂವಾದ ಪದ್ಯ ಬರೆದ. ಚಿಪ್ಪು ಹುದುಗಿಸಿದ ಕೃತಕ ಗುಹೆ, ಒಂಬತ್ತು ಗೂಟ ಉರುಳಿಸುವ ಆಟದ ಓಣಿ, ಮಂಜುಗಡ್ಡೆ ಕೂಡಿಡುವ ನೆಲಮಾಳಿಗೆ, ಎಲ್ಲ ಇದ್ದವು. ಪೋಪ್‌ನ ಸ್ವಂತ ವಿಲ್ಲಾವನ್ನು 1808ರ ಹೊತ್ತಿಗೆ ಕೆಡವಿಹಾಕಿದರು, ಅದರ ಗುಹೆಯಷ್ಟೇ ಉಳಿದಿದೆ.

ಮಾರ್ಬಲ್ ಹಿಲ್‌ಗೂ ಅದೇ ಗತಿ ಬರುವುದಿತ್ತು. 1898ರಲ್ಲಿ ಹಡಗು ವ್ಯಾಪಾರದ ಕುನಾರ್ಡ್ ಮನೆತನದವರು ಆಸ್ತಿಯನ್ನು ಕೊಂಡು, ಮರ ಕಡಿದು, ರಸ್ತೆ ಎಳೆದು, ಸೈಟು ಹಾಕಲು ಹೊರಟರು. ಎದುರು ದಂಡೆಯ ರಿಚ್ಮಂಡ್ ಗುಡ್ಡದಿಂದ ಕಾಣುವ ನದಿಯ ತಿರುವು ರೆನಾಲ್ಡ್ಸ್, ಟರ್ನರ್ ಮುಂತಾದವರು ಬರೆದ ನೋಟ. ಅದು ಹಾಳಾಗುತ್ತದೆಂದು ಜನ ಎದ್ದರು. ಚಂದಾ ಎತ್ತಿದರು, ಸ್ಥಳೀಯ ಸಂಸ್ಥೆಗಳು ಕೈಜೋಡಿಸಿದವು. 1902ರಲ್ಲಿ ಆ ನೋಟವನ್ನು ಕಾಪಾಡಲೆಂದೇ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಒಂದು ಕಟ್ಟಡವನ್ನು ಉಳಿಸುವುದು ಬೇರೆ, ದೂರದಿಂದ ಅದು ಕಾಣುವ ಬಗೆಯನ್ನು ಕಾನೂನಿನಲ್ಲಿ ಬರೆಯುವುದು ಬೇರೆ. ಎರಡನೆಯದನ್ನು ಮಾಡಿದ್ದಕ್ಕೆ ಆ ಊರಿನವರಿಗೆ ಕೈಮುಗಿಯಬೇಕು. ಮರುವರ್ಷ ತೋಟ ಸಾರ್ವಜನಿಕ ಉದ್ಯಾನವಾಯಿತು. ಮನೆಯನ್ನು 1965-66ರಲ್ಲಿ ದುರಸ್ತಿ ಮಾಡಿದರು. 1986ರಿಂದ ಅದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ವಶದಲ್ಲಿದೆ. ಹದಿನೆಂಟನೆಯ ಶತಮಾನದ ನಕ್ಷೆಯೊಂದನ್ನು ಹಿಡಿದು ತೋಟವನ್ನೂ ಮತ್ತೆ ರೂಪಿಸಿ, 2022ರಲ್ಲಿ ಮನೆಯನ್ನು ಮರಳಿ ತೆರೆದರು.

ಈ ಶೈಲಿ ಹಡಗು ಹತ್ತಿ ನಮ್ಮ ಕಡೆಗೂ ಬಂತು. ಡರ್ಬಿಶೈರಿನ ಕೆಡ್ಲ್‌ಸ್ಟನ್ ಹಾಲ್ ಮಾದರಿ ಹಿಡಿದು ಕಲ್ಕತ್ತೆಯ ಗವರ್ನಮೆಂಟ್ ಹೌಸ್ 1803ರಲ್ಲಿ ಮುಗಿಯಿತು. ಮೈಸೂರಿನ ಸರ್ಕಾರಿ ಭವನ ಎದ್ದದ್ದೂ ಅದೇ ದಶಕದಲ್ಲಿ, ರೆಸಿಡೆಂಟನ ವಾಸಕ್ಕಾಗಿ. ಅದರ ಕಂಬವಿಲ್ಲದ ವಿಶಾಲ ಭೋಜನಶಾಲೆಯನ್ನು ಡಿ ಹ್ಯಾವಿಲ್ಯಾಂಡ್ ಎಂಬ ಎಂಜಿನಿಯರ್ ಕಟ್ಟಿದ. ನಮ್ಮ ಬಿಸಿಲಿಗೆ ವರಾಂಡ ಸೇರಿತು, ಮಾಡು ಬದಲಾಯಿತು, ಕಂಬದ ಲೆಕ್ಕ ಮಾತ್ರ ಅದೇ ಪುಸ್ತಕಗಳದ್ದು.

ಲಂಡನ್ನಿಗೆ ಹೋದ ಕನ್ನಡಿಗರು ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆಯನ್ನು ನೋಡಿಯೇ ಬರುತ್ತಾರೆ. ಅಲ್ಲಿಂದ ವಾಟರ್‌ಲೂ ನಿಲ್ದಾಣ ದೂರವಿಲ್ಲ. ರೈಲು ಹತ್ತಿ ಸೇಂಟ್ ಮಾರ್ಗರೆಟ್ಸ್‌ನಲ್ಲಿ ಇಳಿದರೆ ಮಾರ್ಬಲ್ ಹಿಲ್‌ಗೆ ನಡೆದೇ ಹೋಗಬಹುದು. ಹೋದವರು ಪಕ್ಕದಲ್ಲೇ ಇರುವ ಆರ್ಲಿಯನ್ಸ್ ಹೌಸಿನ ಎಂಟು ಮೂಲೆಯ ಕೋಣೆಯನ್ನು ಬಿಡಬಾರದು. ಜೇಮ್ಸ್ ಗಿಬ್ಸ್ 1720ರ ಸುಮಾರಿಗೆ ಕಟ್ಟಿದ್ದು, ಮೂಲ ಮನೆ ಹೋದರೂ ಇದು ಉಳಿದಿದೆ. ಒಳಗಿನ ಗಾರೆಯ ಹೂಕೆಲಸ ತುಂಬಿ ತುಳುಕುತ್ತದೆ. ಅದನ್ನು ಮೊದಲು ನೋಡಿ ಆಮೇಲೆ ಮಾರ್ಬಲ್ ಹಿಲ್‌ನ ದಕ್ಷಿಣದ ಗೋಡೆಯ ಮುಂದೆ ನಿಂತರೆ, ಹತ್ತು ವರ್ಷಗಳೊಳಗೆ ಇಂಗ್ಲಿಷರ ರುಚಿ ಎಷ್ಟು ದೂರ ಸರಿಯಿತು ಎಂಬುದು ಪುಸ್ತಕದ ಸಹಾಯವಿಲ್ಲದೆ ತಿಳಿಯುತ್ತದೆ. ಸಮಯವಿದ್ದರೆ ಉದ್ಯಾನದ ಕೆಳಗಿನಿಂದ ಹ್ಯಾಮರ್ಟನ್ಸ್ ದೋಣಿ ಹಿಡಿದು ಆಚೆ ದಡಕ್ಕೆ ದಾಟಬೇಕು. ಅಲ್ಲಿ 1610ರ ಹ್ಯಾಮ್ ಹೌಸ್ ಇದೆ. ಪಲ್ಲಾದಿಯೋನ ಗಾಳಿ ಸೋಕುವ ಮುಂಚಿನ ಕೆಂಪು ಇಟ್ಟಿಗೆಯ ಇಂಗ್ಲಿಷ್ ಮನೆ ಹೇಗಿತ್ತೆಂದು ನೋಡಲು ಅರ್ಧ ದಿನ ಸಾಕು.